ಐದು ಜೋಡಿಸಿದರೆ ಆರನೆಯದು ನಿಮ್ಮದು

ಅಮೆರಿಕದ ಆರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್‌ಗೆ ಹತ್ತಿರದ ಹಿಲ್ಸ್‌ಬರೊದಲ್ಲಿ ಇಂಟೆಲ್‌ನ ದೊಡ್ಡ ಚಿಪ್ ಕಾರ್ಖಾನೆಗಳಿವೆ. ಕನ್ನಡದ ಎಂಜಿನಿಯರುಗಳಿಗೂ ಅದು ಪರಿಚಿತ ಊರು. ಆದರೆ ದೀಪದ ಬುಡದಲ್ಲೇ ಕತ್ತಲೆ. ಅದೇ ಸೀಮೆಯಲ್ಲಿ ಕಂಪ್ಯೂಟರ್ ಕೊಳ್ಳುವ ಶಕ್ತಿಯಿಲ್ಲದ ಮನೆಗಳೂ ಇದ್ದವು. ಅಂಥವರಿಗಾಗಿ 2000ರಲ್ಲಿ ಪೋರ್ಟ್‌ಲ್ಯಾಂಡ್‌ನಲ್ಲಿ ಹುಟ್ಟಿದ್ದು ‘ಫ್ರೀ ಗೀಕ್’ ಎಂಬ ಸಂಸ್ಥೆ. ಗೀಕ್ ಎಂದರೆ, ನಮ್ಮ ಮಾತಿನಲ್ಲಿ, ಕಂಪ್ಯೂಟರ್ ಹುಚ್ಚು ಹತ್ತಿದವರು.

ಜನರೂ ಕಚೇರಿಗಳೂ ಬೇಡವೆಂದು ಕೊಟ್ಟ ಹಳೆಯ ಯಂತ್ರಗಳು ಇಲ್ಲಿಗೆ ಬರುತ್ತವೆ. ಆಗಿನ ಡಬ್ಬಾ ಮಾನಿಟರುಗಳ ಗಾಜಿನಲ್ಲಿ ಸೀಸವಿರುತ್ತಿತ್ತು. ತಿಪ್ಪೆಗೆ ಎಸೆದರೆ ಮಣ್ಣಿಗೂ ನೀರಿಗೂ ವಿಷ. ಹಾಗಾಗಿ ಕಸದ ಚಿಂತೆಯೂ ಬಡವರ ಚಿಂತೆಯೂ ಇಲ್ಲಿ ಒಂದೇ ಮೇಜಿಗೆ ಬಂದವು.

ನನಗೆ ಹಿಡಿಸಿದ್ದು ಇಲ್ಲಿನ ಮೊದಲ ವರ್ಷಗಳ ಕಟ್ಟಳೆ. ಇಪ್ಪತ್ತನಾಲ್ಕು ಗಂಟೆ ಕೆಲಸ ಮಾಡಿಕೊಟ್ಟವರಿಗೆ ಒಂದು ಕಂಪ್ಯೂಟರ್. ಸ್ಕ್ರೂಡ್ರೈವರ್ ಹಿಡಿಯಲು ಕಲಿಯುವ ಆಸೆಯಿದ್ದವರು ಇನ್ನೊಂದು ದಾರಿ ಹಿಡಿಯಬಹುದಿತ್ತು: ಬಿಚ್ಚಿದ ಯಂತ್ರಗಳ ರ‍್ಯಾಮ್, ಹಾರ್ಡ್ ಡಿಸ್ಕ್, ಮದರ್‌ಬೋರ್ಡುಗಳನ್ನು ಪರೀಕ್ಷಿಸಿ, ಸರಿಯಿದ್ದವನ್ನು ಕೂಡಿಸಿ ಐದು ಕಂಪ್ಯೂಟರ್ ಕಟ್ಟಿ ಸಂಸ್ಥೆಗೆ ಕೊಡುವುದು, ಆರನೆಯದನ್ನು ಮನೆಗೆ ಒಯ್ಯುವುದು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಸೆಕೆಂಡ್ ಹ್ಯಾಂಡ್ ಬಿಡಿಭಾಗ ಹುಡುಕಿ ಅಲೆದವರಿಗೆ ಈ ಕೆಲಸ ಹೊಸದಲ್ಲ. ಅಲ್ಲಿ ಕಾಸು ಕೊಡುತ್ತೇವೆ, ಇವರು ಗಂಟೆಗಳನ್ನು ಕೊಟ್ಟರು. ಬಿಟ್ಟಿ ಬಂದ ಪೆಟ್ಟಿಗೆ ಒಮ್ಮೆ ಕೆಟ್ಟರೆ ಮೂಲೆ ಸೇರುತ್ತದೆ. ಆರು ಸಲ ಬಿಚ್ಚಿ ಜೋಡಿಸಿದವಳಾದರೆ ಅದರ ಮುಚ್ಚಳ ತೆಗೆಯಲು ಅಂಜುವುದಿಲ್ಲ. ಕಂಪ್ಯೂಟರ್ ದಾನ ಮಾಡುವ ನಮ್ಮ ಸಂಘಗಳು ಉದ್ಘಾಟನೆಯ ಫೋಟೊಗಿಂತ ಮೊದಲು ಈ ಕಟ್ಟಳೆಯನ್ನು ಗಮನಿಸಬೇಕಿತ್ತು.

ಯಂತ್ರದೊಳಗೆ ಕೂರುತ್ತಿದ್ದುದು ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್. ಲೈಸೆನ್ಸಿನ ಖರ್ಚಿಲ್ಲ, ವಯಸ್ಸಾದ ಪ್ರೊಸೆಸರಿಗೂ ಹಗುರ. ಮಾರುವಂಥ ವಸ್ತುಗಳು ಸಂಸ್ಥೆಯದೇ ಅಂಗಡಿಗೆ ಹೋಗುತ್ತವೆ. ಆ ಹಣ ಸಂಸ್ಥೆಯ ಖರ್ಚಿಗೆ ಒದಗುತ್ತದೆ. ತೀರಾ ಕೆಟ್ಟದ್ದು ಮರುಬಳಕೆಗೆ. ಕಾಲಕ್ಕೆ ತಕ್ಕಂತೆ ನಿಯಮಗಳು ಬದಲಾಗಿವೆ. ಷಿಕಾಗೊ, ವ್ಯಾಂಕೂವರ್, ಟೊರಾಂಟೊಗಳಲ್ಲೂ ಇದೇ ಹೆಸರಿನ ಸಂಸ್ಥೆಗಳು ತಂತಮ್ಮ ಕಾಲ ಮೇಲೆ ಎದ್ದವು.

ಕೊಡುವವರ ಅಳುಕು ಎಲ್ಲ ಕಡೆಯೂ ಒಂದೇ: ಡಿಸ್ಕಿನಲ್ಲಿರುವ ಫೋಟೊ, ಬ್ಯಾಂಕಿನ ವಿವರ ಯಾರ ಕೈ ಸೇರೀತು? ಫ್ರೀ ಗೀಕ್‌ನಲ್ಲಿ ಡಿಸ್ಕನ್ನು ಪೂರ್ತಿ ಅಳಿಸುತ್ತಾರೆ, ಅಳಿಸಲಾಗದ್ದನ್ನು ನಾಶ ಮಾಡುತ್ತಾರೆ. ನಿಮ್ಮ ಅಟ್ಟದ ಮೇಲೂ ಒಂದು ಲ್ಯಾಪ್‌ಟಾಪ್ ಇದ್ದೀತು. ಕೊಡುವ ಮೊದಲು ಅದನ್ನು ಅಳಿಸಿ. ಮರೆಯದೆ ಚಾರ್ಜರನ್ನೂ ಜೊತೆಗಿಡಿ.