ಯಾನವೂ ಮೂರ್ಛೆಯೂ

ಮಳವಳ್ಳಿ ತಾಲ್ಲೂಕಿನ ಕಿರುಗಾವಲಿನ ಯುವಕನೊಬ್ಬ ತನ್ನ ಮೊದಲ ದುಡಿಮೆಯ ಹಣದಲ್ಲಿ 1998ರ ಮಾದರಿಯ ಹಳೆಯ ಮಾರುತಿ 800 ಕೊಂಡನು. ಬೆಳಿಗ್ಗೆ ಹೊರಟ ಕಾರು ಸಂಜೆ ಹಿಂದಿರುಗುವ ಭರವಸೆಯಿರಲಿಲ್ಲ. ಆದರೂ ದಿನಕ್ಕೆರಡು ಬಾರಿ ಒರೆಸುವನು. ಯಾರಾದರೂ ಬಾಗಿಲನ್ನು ಜೋರಾಗಿ ಹಾಕಿದರೆ ಸಿಡುಕುವನು. ತಾಯಿಯ ಕನ್ನಡಕಕ್ಕೆಂದು ತೆಗೆದಿಟ್ಟಿದ್ದ ಹಣವೂ ಒಮ್ಮೆ ಕಾರ್ಬ್ಯುರೇಟರಿಗೆ ಹೋಯಿತು. ತಾಯಿ ಏನೂ ಅನ್ನಲಿಲ್ಲ. ಒಂದು ಸಂಜೆ ಆಕೆ ಮೊರದ ಅಕ್ಕಿಯಲ್ಲಿನ ಕಲ್ಲನ್ನು ಬೆರಳಿನಿಂದ ತಡವಿ ತಡವಿ ಆರಿಸುತ್ತಿದ್ದುದನ್ನು ಮಗ ಕಂಡನು.

ಜೈನಾಚಾರ್ಯರು ಹೇಳಿದ ಹತ್ತು ಬಾಹ್ಯ ಪರಿಗ್ರಹಗಳಲ್ಲಿ ಹೊಲ, ಮನೆ, ಧನ, ಧಾನ್ಯಗಳೊಡನೆ ‘ಯಾನ’, ಅಂದರೆ ವಾಹನವೂ ಇದೆ. ಆದರೆ ತತ್ತ್ವಾರ್ಥಸೂತ್ರವನ್ನು ರಚಿಸಿದ ಉಮಾಸ್ವಾಮಿಗಳು ಪರಿಗ್ರಹದ ಲಕ್ಷಣವನ್ನು ವಸ್ತುವಿನಲ್ಲಿ ಅಲ್ಲ, ‘ನನ್ನದು’ ಎಂಬ ಮೂರ್ಛೆಯಲ್ಲಿ ಗುರುತಿಸಿದರು. ಮೂರ್ಛೆ ಹೋದವನಿಗೆ ಪಕ್ಕದಲ್ಲಿರುವವರು ಕಾಣುವುದಿಲ್ಲ. ಯುವಕನಿಗೆ ಕಾರಿನ ಸಣ್ಣ ಗೀರು ಕಂಡಿತ್ತು. ತಾಯಿಯ ಮಂಜಾದ ಕಣ್ಣು ಕಂಡಿರಲಿಲ್ಲ.

ಹಾಗೆಂದು ಗೃಹಸ್ಥನು ಎಲ್ಲವನ್ನೂ ತ್ಯಜಿಸಬೇಕಿಲ್ಲ. ಅವನಿಗೆ ಹೇಳಿರುವ ಐದನೆಯ ಅಣುವ್ರತ ಪರಿಗ್ರಹ ಪರಿಮಾಣ: ಇಷ್ಟು ಸಾಕೆಂದು ತಾನೇ ಎಲ್ಲೆ ಹಾಕಿಕೊಳ್ಳುವುದು. ಯುವಕ ಕಾರನ್ನು ಮಾರಲಿಲ್ಲ. ಮೊದಲು ಕನ್ನಡಕ ಮಾಡಿಸಿದನು; ರಿಪೇರಿಗೆ ತಿಂಗಳಿಗೆ ಇಷ್ಟೇ ಎಂದು ನಿಗದಿ ಮಾಡಿಕೊಂಡನು. ಖರ್ಚು ಎಲ್ಲೆ ಮುಟ್ಟಿದರೆ ಕಾರು ಮನೆಯ ಮುಂದೆ ನಿಲ್ಲುತ್ತದೆ, ಅವನು ಬಸ್ಸಿನಲ್ಲಿ ಮಳವಳ್ಳಿಗೆ ಹೋಗುತ್ತಾನೆ.

ಹನ್ನೆರಡು ಅನುಪ್ರೇಕ್ಷೆಗಳಲ್ಲಿ ಮೊದಲನೆಯದು ಅನಿತ್ಯ. ಲೋಹಕ್ಕೂ ದೇಹಕ್ಕೂ ಮುಪ್ಪು ತಪ್ಪದು. ಅದನ್ನರಿತು ವಸ್ತುವನ್ನು ಬಳಸುವವನು ಒಡೆಯ. ಅರಿಯದವನು ಅದರ ಆಳು.