ಅಂಶಗಣಗಳ ಪ್ರಸ್ತಾರದಲ್ಲಿ ಬೀಜಗಣಿತ

ಬೀಜಗಣಿತವು ಅವ್ಯಕ್ತರಾಶಿಗಳನ್ನು ಅಕ್ಷರಗಳಿಂದ ಸೂಚಿಸಿ ವಿಚಾರಮಾಡುವ ಶಾಸ್ತ್ರ. ಅಂಕಪಾಶವು ವಸ್ತುಗಳನ್ನು ಎಷ್ಟು ಬಗೆಯಾಗಿ ಜೋಡಿಸಬಹುದೆಂದು ಎಣಿಸುವ ಶಾಸ್ತ್ರ. ಭಾಸ್ಕರಾಚಾರ್ಯನು 1150ರಲ್ಲಿ ರಚಿತವಾದ ಲೀಲಾವತಿಯ ಕಡೆಯಲ್ಲಿ ಅಂಕಪಾಶವನ್ನು ನಿರೂಪಿಸಿ, ಬೀಜಗಣಿತವನ್ನು ಬೇರೆಯಾಗಿಯೇ ವಿವರಿಸಿದನು. ಈ ಎರಡು ಶಾಖೆಗಳ ವಿದ್ವಾಂಸರನ್ನು ಒಂದೆಡೆ ಕೂಡಿಸುವ ಗೋಷ್ಠಿಗಳು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಯೂರೋಪಿನಲ್ಲಿ ಬೆಳೆದುವು. 1980ರಲ್ಲಿ ಫೋಟಾ, ಕೆರ್ಬರ್, ಸ್ಟ್ರೇಲ್ ಎಂಬ ಮೂವರು ಗಣಿತಜ್ಞರು ಆರಂಭಿಸಿದ ಲೊಥಾರಿಂಗಿಯ ಗೋಷ್ಠಿಯು ಅವುಗಳಲ್ಲೊಂದು. ಒಂದು ಶಾಖೆಯು ಒಂದೊಂದಾಗಿ ಬರೆದು ಎಣಿಸುವುದನ್ನು ಮತ್ತೊಂದು ಶಾಖೆಯು ಒಂದೇ ಗುಣಾಕಾರದಲ್ಲಿ ಅಡಗಿಸಬಲ್ಲುದೆಂಬುದೇ ಇಂತಹ ಕೂಟಗಳಿಗೆ ಆಧಾರವಾದ ತತ್ತ್ವ. ಇದಕ್ಕೆ ಕನ್ನಡ ಛಂದಸ್ಸಿನ ಅಂಶಗಣಗಳು ಒಳ್ಳೆಯ ನಿದರ್ಶನವಾಗಿವೆ.

ಹತ್ತನೆಯ ಶತಮಾನದ ಕೊನೆಯ ನಾಗವರ್ಮನ ಛಂದೋಂಬುಧಿಯಲ್ಲಿ ಬ್ರಹ್ಮ, ವಿಷ್ಣು, ರುದ್ರಗಣಗಳ ಸಂಖ್ಯೆ ಕ್ರಮವಾಗಿ 4, 8, 16 ಎಂದಿದೆ. ಬ್ರಹ್ಮಗಣಕ್ಕೆ ಎರಡು, ವಿಷ್ಣುಗಣಕ್ಕೆ ಮೂರು, ರುದ್ರಗಣಕ್ಕೆ ನಾಲ್ಕು ಅಂಶಗಳು. ಮೊದಲ ಅಂಶವು ಒಂದು ಗುರುವಾಗಲಿ ಎರಡು ಲಘುಗಳಾಗಲಿ ಆಗಬಹುದು. ಉಳಿದ ಅಂಶಗಳಲ್ಲಿ ಪ್ರತಿಯೊಂದೂ ಒಂದು ಗುರು ಇಲ್ಲವೆ ಒಂದು ಲಘು. ಪ್ರತಿಯೊಂದು ಅಂಶಕ್ಕೂ ಎರಡೆರಡು ಬಗೆಯಿರುವುದರಿಂದ ಮೇಲಿನ ಸಂಖ್ಯೆಗಳು ಸಿದ್ಧಿಸುತ್ತವೆ.

ಒಂದು ಮಾತ್ರೆಗೆ ‘ಮ’ ಎಂಬ ಅಕ್ಷರವನ್ನೂ ಎರಡು ಮಾತ್ರೆಗೆ ‘ಮ²’ ಎಂಬುದನ್ನೂ ಸಂಕೇತವಾಗಿಟ್ಟರೆ, ಮೊದಲ ಅಂಶದ ಎರಡು ಬಗೆಗಳೂ ಎರಡು ಮಾತ್ರೆಯವಾದ್ದರಿಂದ ಅದು 2ಮ² ಆಗುವುದು; ಉಳಿದ ಅಂಶಗಳಲ್ಲಿ ಒಂದೊಂದೂ ಮ²+ಮ ಆಗುವುದು. ಆಗ ವಿಷ್ಣುಗಣದ ಪ್ರಸ್ತಾರವೆಲ್ಲವೂ ಹೀಗೆ ದೊರೆಯುತ್ತದೆ:

2ಮ²(ಮ²+ಮ)² = 2ಮ⁶+4ಮ⁵+2ಮ⁴

ಎಂದರೆ, ಎಂಟು ವಿಷ್ಣುಗಣಗಳಲ್ಲಿ ಆರು ಮಾತ್ರೆಯವು ಎರಡು, ಐದು ಮಾತ್ರೆಯವು ನಾಲ್ಕು, ನಾಲ್ಕು ಮಾತ್ರೆಯವು ಎರಡು. ಬ್ರಹ್ಮಗಣದಲ್ಲಿ ಇದೇ ರೀತಿಯಾಗಿ ನಾಲ್ಕು ಮಾತ್ರೆಯವು ಎರಡು, ಮೂರು ಮಾತ್ರೆಯವು ಎರಡು.

ಈ ಲೆಕ್ಕವು ಗ್ರಂಥಸಂಪಾದನೆಗೂ ಉಪಯುಕ್ತವಾದುದು. ತ್ರಿಪದಿಯು ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದ (ಸುಮಾರು ಕ್ರಿ. ಶ. 700) ಕಾಲದಿಂದಲೂ ದೊರೆಯುವ ಅಚ್ಚಗನ್ನಡದ ಮಟ್ಟು. ಅದರ ಹನ್ನೊಂದು ಗಣಗಳಲ್ಲಿ ಆರನೆಯದೂ ಹತ್ತನೆಯದೂ ಬ್ರಹ್ಮಗಣಗಳು, ಉಳಿದ ಒಂಬತ್ತೂ ವಿಷ್ಣುಗಣಗಳು. ಪ್ರಾಸಾದಿ ನಿಯಮಗಳನ್ನು ಬದಿಗಿರಿಸಿದರೆ ಅದರ ವಿನ್ಯಾಸಗಳು 4²×8⁹, ಎಂದರೆ 214,74,83,648. ಮುಂದೆ ಅಂಶಲಯವು ಮಾತ್ರಾಲಯಕ್ಕೆ ತಿರುಗಿದಾಗ ವಿಷ್ಣುಗಣವು ಐದು ಮಾತ್ರೆಯಲ್ಲಿಯೂ ಬ್ರಹ್ಮಗಣವು ಮೂರು ಮಾತ್ರೆಯಲ್ಲಿಯೂ ನೆಲೆಗೊಳ್ಳತೊಡಗಿದುವು. ಹಾಗೆ ನಿಯತವಾದ ತ್ರಿಪದಿಗೆ ಉಳಿಯುವ ವಿನ್ಯಾಸಗಳು 2²×4⁹, ಎಂದರೆ 10,48,576. ಮೊದಲಿನವುಗಳ 2048ರಲ್ಲಿ ಒಂದು ಪಾಲು ಮಾತ್ರ.

ಆದುದರಿಂದ ಹಳೆಯ ತ್ರಿಪದಿಯೊಂದರಲ್ಲಿ ನಾಲ್ಕು ಇಲ್ಲವೆ ಆರು ಮಾತ್ರೆಯ ವಿಷ್ಣುಗಣವು ಬಂದಲ್ಲಿ, ಅದನ್ನು ಲಿಪಿಕಾರನ ಪ್ರಮಾದವೆಂದು ಬಗೆದು ಐದು ಮಾತ್ರೆಗೆ ತಿದ್ದುವುದು ಯುಕ್ತವಲ್ಲ. ಅರ್ಧದಷ್ಟು ವಿಷ್ಣುಗಣಗಳು ಅಂತಹವೇ ಆಗಿವೆ. ಗಣಿತವು ಲಕ್ಷಣಕ್ಕೆ ಒಪ್ಪುವ ರೂಪಗಳೆಷ್ಟೆಂಬುದನ್ನು ಹೇಳಬಲ್ಲುದೇ ಹೊರತು ಕವಿಯು ಅವುಗಳಲ್ಲಿ ಯಾವುದನ್ನು ಆರಿಸಿಕೊಂಡನೆಂಬುದನ್ನು ಹೇಳಲಾರದು. ಅದಕ್ಕೆ ಪ್ರಯೋಗಪರೀಕ್ಷೆಯೇ ಪ್ರಮಾಣ. ಆದರೆ ಲಕ್ಷಣಸಮ್ಮತವಾದ ಪಾಠವನ್ನು ತಪ್ಪೆಂದು ತಳ್ಳಿಬಿಡದಂತೆ ಸಂಪಾದಕನನ್ನು ಎಚ್ಚರಿಸುವಷ್ಟು ಶಕ್ತಿಯು ಈ ಒಂದು ಗುಣಾಕಾರಕ್ಕೆ ಉಂಟು.