ಸರಕಿಗೆ ದಾರಿ, ವ್ಯಾಪಾರಿಗೆ ತಡೆ

ನಿಪ್ಪಾಣಿ ತಾಲೂಕಿನ ಕೊಗನೊಳಿಯು ಪುಣೆ-ಬೆಂಗಳೂರು ರಾಷ್ಟ್ರೀಯ ಹೆದ್ದಾರಿಯ ಮೇಲಿರುವ ಗಡಿಗ್ರಾಮ. ಗೋಕಾಕ ಹಾಗೂ ಮೂಡಲಗಿಯ ವ್ಯಾಪಾರಸ್ಥರು ಘಟಪ್ರಭಾ, ಹುಕ್ಕೇರಿ ಮಾರ್ಗವಾಗಿ ಸಂಕೇಶ್ವರದಲ್ಲಿ ಈ ಹೆದ್ದಾರಿಯನ್ನು ಸೇರಿ ಕೊಲ್ಹಾಪುರಕ್ಕೆ ತೆರಳುತ್ತಾರೆ. ಈ ಭಾಗದ ಅರಿಶಿನಕ್ಕೆ ಸಾಂಗಲಿಯೇ ದೊಡ್ಡ ಪೇಟೆ. ಯಂತ್ರಗಳ ಬಿಡಿಭಾಗ ಹಾಗೂ ಎರಕದ ಸಾಮಾನಿಗೆ ಕೊಲ್ಹಾಪುರ, ಬಟ್ಟೆಗೆ ಇಚಲಕರಂಜಿ. ಹುಕ್ಕೇರಿ ತಾಲೂಕಿನ ಸಂಕೇಶ್ವರದವರಿಗಂತೂ ಮಹಾರಾಷ್ಟ್ರದ ಗಡಹಿಂಗ್ಲಜ ನೆರೆಯೂರೇ ಸರಿ. ಬೆಳಿಗ್ಗೆ ಹೋಗಿ ಸಂಜೆಗೆ ಮರಳುವ ಈ ವ್ಯವಹಾರದಲ್ಲಿ ಗಡಿ ಎಂಬುದು ಕೇವಲ ಒಂದು ನಾಮಫಲಕವಾಗಿತ್ತು. 2020ರಿಂದ 2022ರವರೆಗಿನ ಕೋವಿಡ್ ಅವಧಿಯಲ್ಲಿ ಆ ನಾಮಫಲಕವೇ ಬಾಗಿಲಾಯಿತು.

ಲಾರಿಯಲ್ಲಿ ಮೂವರಿಗೆ ಸ್ಥಳ

2020ರ ಮಾರ್ಚ್ 25ರಿಂದ ದೇಶದಾದ್ಯಂತ ಲಾಕ್‌ಡೌನ್ ಜಾರಿಗೆ ಬಂತು. ಏಪ್ರಿಲ್ 15ರಂದು ಕೇಂದ್ರ ಗೃಹ ಮಂತ್ರಾಲಯವು ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಸರಕು ಲಾರಿಗಳಿಗೆ, ಖಾಲಿ ಲಾರಿಗಳಿಗೂ ಸಹ, ಇಬ್ಬರು ಚಾಲಕರು ಮತ್ತು ಒಬ್ಬ ಸಹಾಯಕನೊಡನೆ ಸಂಚರಿಸಲು ಅನುಮತಿ ದೊರೆಯಿತು. ಸರಕಿನ ಒಡೆಯನಿಗೆ ಅದರಲ್ಲಿ ಸ್ಥಳವಿರಲಿಲ್ಲ. ಮಾಲು ಪೇಟೆ ಮುಟ್ಟುತ್ತಿತ್ತು. ಆದರೆ ದರ ಕುದುರಿಸುವ, ತೂಕ ನೋಡುವ, ಬಾಕಿ ವಸೂಲು ಮಾಡುವ ಮನುಷ್ಯ ಊರಿನಲ್ಲೇ ಉಳಿಯಬೇಕಾಯಿತು. ಮುಖ ನೋಡಿ ಉದ್ರಿ ಕೊಡುವ ಪದ್ಧತಿ ಇನ್ನೂ ಉಳಿದಿರುವ ಪೇಟೆಗಳಲ್ಲಿ ಇದು ಸಣ್ಣ ತೊಂದರೆಯಲ್ಲ.

ಮೇ 18ರಂದು ಮಹಾರಾಷ್ಟ್ರ, ಗುಜರಾತ್, ತಮಿಳುನಾಡು ಮತ್ತು ಕೇರಳದಿಂದ ಬರುವವರಿಗೆ ಆ ತಿಂಗಳ ಕೊನೆಯವರೆಗೆ ಪ್ರವೇಶವಿಲ್ಲವೆಂದು ಕರ್ನಾಟಕ ಸರಕಾರ ಪ್ರಕಟಿಸಿತು. ಜೂನ್‌ನಲ್ಲಿ ಬಾಗಿಲು ತೆರೆದಾಗ ಸೇವಾ ಸಿಂಧು ನೋಂದಣಿ ಹಾಗೂ ಕ್ವಾರಂಟೈನ್ ನಿಯಮಗಳು ಬಂದವು. ವ್ಯಾಪಾರಕ್ಕಾಗಿ ಬರುವವರನ್ನು ಪ್ರತ್ಯೇಕ ವರ್ಗವೆಂದು ಗುರುತಿಸಲಾಯಿತು. ಅವರು ಭೇಟಿಯಾಗಲಿರುವವರ ಹೆಸರು, ದೂರವಾಣಿ ಸಂಖ್ಯೆ, ವಿಳಾಸ ಹಾಗೂ ಏಳು ದಿನಗಳೊಳಗೆ ಮರಳುವುದಕ್ಕೆ ಪುರಾವೆ ಒದಗಿಸಬೇಕಿತ್ತು. ತಲೆಮಾರುಗಳಿಂದ ಬಂದು ಹೋಗುತ್ತಿದ್ದ ಗಿರಾಕಿ ಹೀಗೆ ಕಾಗದದ ಮೇಲೆ ಸಂದರ್ಶಕನಾದ. ಅಂತರರಾಜ್ಯ ಸಂಚಾರಕ್ಕೆ ರಾಜ್ಯಗಳು ಅಡ್ಡಿಪಡಿಸುವಂತಿಲ್ಲವೆಂದು ಕೇಂದ್ರ ಗೃಹ ಕಾರ್ಯದರ್ಶಿಯವರು ಆಗಸ್ಟ್ 22ರಂದು ಪತ್ರ ಬರೆದರು. 24ರಂದು ರಾಜ್ಯವು ಈ ನಿಯಮಗಳನ್ನು ಕೈಬಿಟ್ಟಿತು.

ಹದಿನೈದು ದಿನದ ನಿಯಮ

ಆ ಬಿಡುವು ಆರು ತಿಂಗಳೂ ಬಾಳಲಿಲ್ಲ. 2021ರ ಫೆಬ್ರವರಿಯಲ್ಲಿ ಮಹಾರಾಷ್ಟ್ರದಿಂದ ಬರುವವರಿಗೆ 72 ಗಂಟೆಗಳೊಳಗಿನ ಆರ್‌ಟಿಪಿಸಿಆರ್ ನೆಗೆಟಿವ್ ವರದಿ ಕಡ್ಡಾಯವಾಯಿತು. ಜುಲೈ 31ರ ಆದೇಶವಂತೂ ಲಸಿಕೆ ಪಡೆದವರಿಗೂ ವಿನಾಯಿತಿ ನೀಡಲಿಲ್ಲ. ವರದಿಯಿಲ್ಲದ ವಾಹನಗಳನ್ನು ಕೊಗನೊಳಿಯಿಂದ ಹಿಂದಕ್ಕೆ ಕಳುಹಿಸಲಾಯಿತು. ಕೊಲ್ಹಾಪುರಕ್ಕೆ ಹೋದ ಗೋಕಾಕದ ವ್ಯಾಪಾರಿ ತನ್ನ ಮನೆಗೇ ಮರಳಲು ವರದಿ ತೋರಿಸಬೇಕಾದ ಸ್ಥಿತಿ ಅದು.

ಆದರೆ ಅದೇ ಆದೇಶದಲ್ಲಿ ಗಡಿಭಾಗದ ವ್ಯಾಪಾರಸ್ಥರಿಗೆ ಅತ್ಯುಪಯುಕ್ತವಾದ ಅಂಶವೊಂದಿತ್ತು. ಶಿಕ್ಷಣ, ವ್ಯಾಪಾರ ಇತ್ಯಾದಿ ಕಾರಣಗಳಿಗಾಗಿ ಪ್ರತಿದಿನ ಬಂದು ಹೋಗುವವರು ಹದಿನೈದು ದಿನಗಳಿಗೊಮ್ಮೆ ಪರೀಕ್ಷೆ ಮಾಡಿಸಿಕೊಂಡು ವರದಿ ಇಟ್ಟುಕೊಂಡರೆ ಸಾಕಾಗಿತ್ತು. ಮೂರು ದಿನಕ್ಕೂ ಹದಿನೈದು ದಿನಕ್ಕೂ ಇರುವ ಅಂತರ ಸಣ್ಣ ಅಂಗಡಿಕಾರನ ಪಾಲಿಗೆ ದೊಡ್ಡದು. ಅದು ತಿಳಿಯಬೇಕಾದರೆ ಆದೇಶವನ್ನು ಪೂರ್ತಿ ಓದಿರಬೇಕು.

ಕಾನೂನಿನ ನೆಲೆ

ಸಂವಿಧಾನದ 301ನೆಯ ಅನುಚ್ಛೇದವು ದೇಶದೊಳಗೆ ವ್ಯಾಪಾರ, ವಾಣಿಜ್ಯ ಮತ್ತು ಸಂಪರ್ಕ ಮುಕ್ತವಾಗಿರತಕ್ಕದ್ದೆಂದು ಸಾರುತ್ತದೆ. ಮನುಷ್ಯನ ಸಂಚಾರ ಸ್ವಾತಂತ್ರ್ಯವಿರುವುದು 19(1)(ಡಿ) ಯಲ್ಲಿ. ಸಾರ್ವಜನಿಕ ಹಿತಕ್ಕಾಗಿ ಅದರ ಮೇಲೆ ಸಮಂಜಸ ನಿರ್ಬಂಧ ವಿಧಿಸಲು 19(5) ಅವಕಾಶ ನೀಡುತ್ತದೆ. 2017ರ ಜುಲೈ 1ರಂದು ಜಿಎಸ್‌ಟಿ ಜಾರಿಯಾದ ಬಳಿಕ ತೆರಿಗೆ ತನಿಖಾ ಠಾಣೆಗಳು ಹೋದವು. 2018ರ ಏಪ್ರಿಲ್ 1ರಿಂದ ಅಂತರರಾಜ್ಯ ಸರಕಿಗೆ ಇ-ವೇ ಬಿಲ್ ಬಂತು. ಸರಕಿಗೆ ಹೀಗೆ ದೇಶವ್ಯಾಪಿಯಾದ ಒಂದು ಕಾಗದವಿದೆ. ವ್ಯಾಪಾರಿಗೆ ಅಂಥದ್ದಿಲ್ಲ.

ನಿರ್ಬಂಧವಿದ್ದರೂ ವಿನಾಯಿತಿ ಪಡೆಯಬಹುದೆಂಬುದಕ್ಕೆ ಮಂಗಳೂರು-ಕಾಸರಗೋಡು ಗಡಿಯ ತಲಪಾಡಿ ಉದಾಹರಣೆಯಾಗಿದೆ. ಅಲ್ಲಿನ ತಡೆಗಳನ್ನು ತೆರವುಗೊಳಿಸಲು ಕೇರಳ ಹೈಕೋರ್ಟ್ 2020ರ ಏಪ್ರಿಲ್ 1ರಂದು ಆದೇಶಿಸಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಗಿ, ತುರ್ತು ಚಿಕಿತ್ಸೆ ಬೇಕಾದ ರೋಗಿಗಳನ್ನು ಬಿಡುವ ಕ್ರಮ ನಿಗದಿಯಾಯಿತು. ರೋಗಿಗೆ ಮೊದಲ ಸ್ಥಾನ ಸಲ್ಲತಕ್ಕದ್ದೇ. ಆದರೆ ತಡೆ ತಿಂಗಳುಗಟ್ಟಲೆ ಮುಂದುವರಿದಾಗ ದುಡಿದು ತಿನ್ನುವವನಿಗೂ ಒಂದು ಕ್ರಮ ಬೇಕಾಗುತ್ತದೆ.

ಮುಂದಿನ ದಾರಿ

ಗಡಿ ಮುಚ್ಚಲು ಕಾರಣ ರೋಗವೇ ಆಗಬೇಕೆಂದಿಲ್ಲ. 2022ರ ಡಿಸೆಂಬರ್‌ನಲ್ಲಿ ಗಡಿ ವಿವಾದ ಕಾವೇರಿದಾಗ ಉಭಯ ರಾಜ್ಯಗಳ ನಡುವಿನ ಬಸ್ ಸಂಚಾರಕ್ಕೆ ಅಡಚಣೆಯಾದುದನ್ನು ಈ ಭಾಗದವರು ಕಂಡಿದ್ದಾರೆ. ಆದ್ದರಿಂದ ವಾಣಿಜ್ಯ ಸಂಸ್ಥೆಗಳು ಮುಂಚಿತವಾಗಿಯೇ ಮೂರು ಬೇಡಿಕೆಗಳನ್ನು ಸರಕಾರದ ಮುಂದಿಡುವುದು ಯೋಗ್ಯ. ಮೊದಲನೆಯದು, ನಿರ್ಬಂಧದ ಆದೇಶ ಜಾರಿಗೆ ಬರುವ ಮುನ್ನ ಕನಿಷ್ಠ ಒಂದು ದಿನದ ಕಾಲಾವಕಾಶ. ಎರಡನೆಯದು, ನಿತ್ಯ ಸಂಚರಿಸುವ ವ್ಯಾಪಾರಸ್ಥರಿಗೆ ಹದಿನೈದು ದಿನದ ನಿಯಮದಂಥ ಸ್ಥಿರ ವ್ಯವಸ್ಥೆ. ಮೂರನೆಯದು, ಹಿಂದಕ್ಕೆ ಕಳುಹಿಸಿದವನಿಗೆ ಕಾರಣ ನಮೂದಿಸಿದ ಚೀಟಿ. ಈ ಚೀಟಿಯಿದ್ದರೆ ವಾಯಿದೆ ತಪ್ಪಿದ್ದೇಕೆಂದು ಎದುರು ಪಾರ್ಟಿಗೆ ತೋರಿಸಬಹುದು.

ವ್ಯಾಪಾರಸ್ಥರೂ ಜಿಎಸ್‌ಟಿ ನೋಂದಣಿ ಪತ್ರ, ಖರೀದಿ ಆದೇಶ, ಭೇಟಿಯಾಗಲಿರುವವರ ವಿಳಾಸ ಹಾಗೂ ಜಾರಿಯಲ್ಲಿರುವ ಆದೇಶದ ಪ್ರತಿಯನ್ನು ಜೊತೆಗಿಟ್ಟುಕೊಳ್ಳುವ ರೂಢಿ ಮಾಡಿಕೊಳ್ಳಬೇಕು. ಇ-ವೇ ಬಿಲ್ ಇಲ್ಲದೆ ಸರಕನ್ನು ಗಡಿ ದಾಟಿಸಲು ಹೆದರುವ ವ್ಯಾಪಾರಿ, ಗಡಿಯಲ್ಲಿ ತಡೆಯಿರುವ ದಿನಗಳಲ್ಲಿ ತನ್ನ ಕಾಗದಗಳ ಬಗ್ಗೆಯೂ ಅಷ್ಟೇ ಎಚ್ಚರ ವಹಿಸುವುದು ಲೇಸು.